ನನ್ನ ದಮ್ಮು, ಅವಳ ದಮ್ಮು

ಹೊಗೆಯನ್ನು ಒಳಗೆ ಹಿಡಿದಿಟ್ಟು, ಎಡಗಣ್ಣು ಕಿರಿದು ಮಾಡಿ, ಗಲ್ಲ ಓರೆ ಮಾಡಿ ಮೆಲ್ಲಗೆ ಬಿಡುವುದನ್ನು ನಾನು ಯಾರಿಂದ ಕಲಿತೆನೋ ನೆನಪಿಲ್ಲ. ನನ್ನ ಹೆಂಡತಿ ಅದನ್ನು ನನ್ನಿಂದ ಕಲಿತಳು. ಅವಳು ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟಿದವಳಲ್ಲ.

ಅವಳು ಹಾಗೆ ಮಾಡಿದ್ದು ಪುತ್ತೂರಿನ ಆಸ್ಪತ್ರೆಯೊಂದರಲ್ಲಿ. ನಮ್ಮ ಕಡೆ ಉಬ್ಬಸದ ಕಾಯಿಲೆಗೆ ದಮ್ಮು ಎನ್ನುತ್ತಾರೆ. ಸಿಗರೇಟಿನ ಒಂದು ಎಳೆತಕ್ಕೂ ದಮ್ಮು ಎಂದೇ ಹೆಸರು. ‘ದಮ್ಮು ಉಂಟು’ ಎಂದರೆ ಅವಳು, ‘ಒಂದು ದಮ್ಮು ಎಳೆದು ಬರುತ್ತೇನೆ’ ಎಂದರೆ ನಾನು. ಒಂದೇ ಪದವನ್ನು ಒಂದೇ ಮನೆಯಲ್ಲಿ ಇಬ್ಬರೂ ಹಂಚಿಕೊಂಡಿದ್ದೆವು. ಡಾಕ್ಟರು ಅವಳಿಗೆ ಎರಡು ಬಗೆಯ ಮದ್ದು ಬರೆದರು. ಒಂದು ಉಸಿರು ಕಟ್ಟಿದಾಗ ಮಾತ್ರ ಬಾಯಿಗೆ ಒತ್ತಿಕೊಳ್ಳುವ ನೀಲಿ ಪಂಪು. ಇನ್ನೊಂದು ಬೆಳಿಗ್ಗೆ ಸಂಜೆ ತಪ್ಪದೆ ತೆಗೆದುಕೊಳ್ಳಬೇಕಾದ ಹುಡಿ ಮದ್ದು. ಗುಳಿಗೆಯ ಹಾಗೆ ಕಾಣುವ ಅದನ್ನು ನುಂಗುವಂತಿಲ್ಲ. ಪ್ಲಾಸ್ಟಿಕ್ಕಿನ ಸಣ್ಣ ಸಾಧನದೊಳಗೆ ಇಟ್ಟು ತಿರುಗಿಸಿದರೆ ಗುಳಿಗೆ ಒಡೆಯುತ್ತದೆ, ಬಾಯಿಯಿಂದ ಜೋರಾಗಿ ಎಳೆದರೆ ಹುಡಿ ಎದೆಗೆ ಇಳಿಯುತ್ತದೆ.

ಎಳೆಯುವುದು ಹೇಗೆ ಎಂಬುದು ಅವಳಿಗೆ ಅರ್ಥವಾಗಲಿಲ್ಲ. ಮೊದಲ ಸಲ ಊದಿಬಿಟ್ಟಳು. ಹುಡಿ ಕಲಿಸುತ್ತಿದ್ದ ನರ್ಸಿನ ಕೈಮೇಲೆ ಬಿತ್ತು. ಎರಡನೆಯ ಸಲ ಹಾಲು ಕುಡಿಯುವವಳ ಹಾಗೆ ಚೀಪಿದಳು. ನರ್ಸಮ್ಮ ಒಳ್ಳೆಯ ಹೆಂಗಸು. ಎಷ್ಟು ಜನರಿಗೆ ಕಲಿಸಿ ಸುಸ್ತಾಗಿದ್ದರೋ ಏನೋ, “ಅಕ್ಕ, ಬೀಡಿ ಎಳೆಯುದು ನೋಡಿದ್ದೀರಲ್ಲ? ಹಾಗೆಯೇ. ಎಳೀರಿ, ಒಳಗೆ ಹಿಡೀರಿ, ಮತ್ತೆ ಬಿಡಿ. ಅಷ್ಟೇ” ಎಂದರು.

“ಓ, ಹಾಗಾ!” ಎಂದಳು ನನ್ನ ಹೆಂಡತಿ. ಆ ಸಾಧನವನ್ನು ಎರಡು ಬೆರಳಿನ ನಡುವೆ ಹಿಡಿದಳು. ಎಳೆದಳು. ಎಡಗಣ್ಣು ತನ್ನಷ್ಟಕ್ಕೇ ಕಿರಿದಾಯಿತು. ನನಗೆ ಕಣ್ಣಿಗೆ ಹೊಗೆ ಹೋಗುತ್ತದೆಂದು ಹಾಗೆ ಮಾಡುವ ರೂಢಿ, ಅವಳ ಕಣ್ಣಿಗೆ ಹೋಗುವುದಕ್ಕೆ ಅಲ್ಲಿ ಹೊಗೆಯೇ ಇರಲಿಲ್ಲ. ಸ್ವಲ್ಪ ಹೊತ್ತು ಹಿಡಿದಿಟ್ಟು ಗಲ್ಲ ಓರೆ ಮಾಡಿ ಬಿಟ್ಟಳು.

“ಅಬ್ಬಾ! ಅಕ್ಕನಿಗೆ ಮೊದಲೇ ಅಭ್ಯಾಸ ಉಂಟಲ್ಲ!” ಎಂದು ನರ್ಸಮ್ಮ ನಕ್ಕರು. ಹೆಂಡತಿಯೂ ನಕ್ಕಳು, ಪರೀಕ್ಷೆ ಪಾಸಾದವಳ ಹಾಗೆ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರ ನೋಡುತ್ತಾ ನಿಂತೆ. ನನಗೆ ಆ ಹೊತ್ತು ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನನ್ನದು ಮೈಕ್ ಸೆಟ್ಟಿನ ಕೆಲಸ. ಸುಳ್ಯ ಪೇಟೆಯಲ್ಲಿ ಒಂದು ಕೋಣೆ ಅಂಗಡಿ, ಒಂದು ಹಳೆಯ ವ್ಯಾನು. ಮದುವೆ, ಗೃಹಪ್ರವೇಶ, ಸಭೆ, ಶಾಲೆಯ ವಾರ್ಷಿಕೋತ್ಸವ, ಯಾವುದಕ್ಕಾದರೂ ಸ್ಪೀಕರ್ ಬಾಕ್ಸು ಕಟ್ಟಿ ವೇದಿಕೆಯ ಹಿಂದೆ ಕೂರುವವನು. ನಾನು ಕೇಳಿದಷ್ಟು ಭಾಷಣ ಈ ಮೂರು ತಾಲೂಕಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಭಾಷಣ ಉದ್ದವಾದಷ್ಟೂ ನನ್ನ ಸಿಗರೇಟಿನ ಪ್ಯಾಕೆಟ್ಟು ಹಗುರವಾಗುತ್ತಿತ್ತು. ಅಧ್ಯಕ್ಷರು “ಎರಡೇ ಮಾತಿನಲ್ಲಿ ಮುಗಿಸುತ್ತೇನೆ” ಎಂದರೆ ನಾನು ಹೊಸ ಪ್ಯಾಕೆಟ್ಟು ಒಡೆಯುತ್ತಿದ್ದೆ.

ಮನೆಯೊಳಗೆ ಮಾತ್ರ ಸೇದುತ್ತಿರಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತೇ ಸೇದುವುದು. ಅದು ನನ್ನ ದೊಡ್ಡಸ್ತಿಕೆ. ಒಳಗೆ ತರುವುದಿಲ್ಲ ಎಂದು ನೆಂಟರ ಎದುರು ಹೇಳಿಕೊಂಡದ್ದೂ ಉಂಟು. ಆದರೆ ನಾನು ಮಾತಿಗೆ ಬರುವುದೂ ಆ ಕುರ್ಚಿಯಲ್ಲಿ ಕೂತಾಗಲೇ. ಯಾವ ಮದುವೆಯಲ್ಲಿ ಮದುಮಗನ ಮಾವ ಮುನಿಸಿಕೊಂಡ, ಯಾವ ಸಭೆಯಲ್ಲಿ ಮಂತ್ರಿಗಳು ಊರಿನ ಹೆಸರನ್ನೇ ತಪ್ಪು ಹೇಳಿದರು, ಎಲ್ಲವನ್ನೂ ಹೊಗೆ ಬಿಡುತ್ತಾ ಹೇಳುತ್ತಿದ್ದೆ. ಹೆಂಡತಿ ಎದುರಿನ ಗಿಡ್ಡ ಗೋಡೆಯ ದಂಡೆಯ ಮೇಲೆ ಚಾ ಹಿಡಿದು ಕೂತು ಕೇಳುತ್ತಿದ್ದಳು. ನಗುತ್ತಿದ್ದಳು. ಒಮ್ಮೊಮ್ಮೆ ಕೈಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು, ಎದ್ದು ಮಾತ್ರ ಹೋಗುತ್ತಿರಲಿಲ್ಲ. ಎದ್ದು ಹೋದರೆ ಕತೆ ತಪ್ಪುತ್ತದಲ್ಲ! ನನ್ನ ಮಾತು ಬೇಕಿದ್ದರೆ ನನ್ನ ಹೊಗೆಯನ್ನೂ ತೆಗೆದುಕೊಳ್ಳಬೇಕು ಎಂಬ ಹಾಗಿತ್ತು ನಮ್ಮ ಮನೆಯ ಏರ್ಪಾಡು.

ಪುತ್ತೂರಿನ ಡಾಕ್ಟರು ಆ ದಿನವೇ ನನ್ನ ಅಂಗಿಯ ಕಿಸೆಯಲ್ಲಿದ್ದ ಪ್ಯಾಕೆಟ್ಟನ್ನು ನೋಡಿ, ಸೇದುತ್ತೀರಾ ಎಂದು ಕೇಳಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಪರವಾಗಿ ವಕಾಲತ್ತು ವಹಿಸಿದಳು.

“ಇವರು ಹೊರಗೆ ಕೂತು ಎಳೆಯುದು ಡಾಕ್ಟ್ರೆ. ಒಳಗೆ ತರುದೇ ಇಲ್ಲ.”

“ಹೊಗೆಗೆ ಹೊಸ್ತಿಲು ಗೊತ್ತುಂಟಾ ಅಮ್ಮ?” ಎಂದರು ಡಾಕ್ಟರು. ಬಳಿಕ ನನ್ನ ಕಡೆ ತಿರುಗಿ, “ಕಾರಣ ಒಂದೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಸೌದೆ ಒಲೆಯ ಹೊಗೆ ಇರಬಹುದು, ಬೇರೆ ಧೂಳು ಇರಬಹುದು. ಆದ್ರೆ ನೀವು ಇದನ್ನು ಬಿಡ್ಲೇಬೇಕು” ಎಂದರು.

ಅಷ್ಟು ಮಾತಿನಲ್ಲಿ ನನ್ನ ಕಿವಿ ಹಿಡಿದುಕೊಂಡದ್ದು ಸೌದೆ ಒಲೆಯನ್ನು ಮಾತ್ರ.

ಊರಿಗೆ ಬಂದವನೇ ಬೇರೆಯವರ ಹೊಗೆಯ ಮೇಲೆಲ್ಲ ಯುದ್ಧ ಸಾರಿದೆ. ಬಚ್ಚಲಿನ ಹಂಡೆಯ ಒಲೆ ಒಡೆಸಿ ಗ್ಯಾಸಿನ ಗೀಸರು ಹಾಕಿಸಿದೆ. ಸೊಳ್ಳೆಬತ್ತಿ ಬಂದ್. ದೇವರ ಕೋಣೆಯ ಊದುಬತ್ತಿ ಬಂದ್. ಊದುಬತ್ತಿಯ ಪರಿಮಳ ಅವಳಿಗೆ ಪ್ರೀತಿ. “ಒಂದೇ ಒಂದು ಹಚ್ಚುದಾ?” ಎಂದು ಕೇಳಿದವಳಿಗೆ “ನಿನ್ನ ಒಳ್ಳೆಯದಕ್ಕೇ ಹೇಳುದು ಮಾರಾಯ್ತಿ!” ಎಂದು ಗದರಿದೆ. ಪಕ್ಕದ ಹಿತ್ತಿಲಿನವರು ತರಗೆಲೆ ಗುಡಿಸಿ ಬೆಂಕಿ ಹಾಕಿದ ದಿನ ಬೇಲಿಯ ಹತ್ತಿರ ನಿಂತು ಬೊಬ್ಬೆ ಹೊಡೆದೆ.

“ಎಂತ ಮಾರಾಯ್ರೆ ಇದು! ಇಲ್ಲಿ ದಮ್ಮಿನವರು ಇದ್ದಾರೆ ಅಂತ ಗೊತ್ತಿಲ್ವಾ? ಮನುಷ್ಯರಾ ನೀವು?”

ಅವರು ಸಾಧು ಮನುಷ್ಯ, ನನಗಿಂತ ಹಿರಿಯರು. ಬೆಂಕಿಗೆ ನೀರು ಹಾಕಿದರು. ಆಮೇಲೆ ಬಹಳ ಮರ್ಯಾದೆಯಿಂದ, “ಅಲ್ಲ, ನಿಮ್ಮ ಕೈಯಲ್ಲಿ ಎಂತ ಉಂಟು?” ಎಂದು ಕೇಳಿದರು.

ಕೈಯಲ್ಲಿ ಸಿಗರೇಟು ಇತ್ತು. ಉರಿಯುತ್ತಾ ಇತ್ತು. ನಾನು ಅದನ್ನೇ ಬೀಸಿ ಬೀಸಿ ಅವರಿಗೆ ಬುದ್ಧಿ ಹೇಳಿದ್ದೆ. ತಿರುಗಿ ಮನೆಗೆ ಬಂದೆ. ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕಂಡಿದ್ದ ಹೆಂಡತಿ ನಕ್ಕು ನಕ್ಕು ಕೆಮ್ಮಿ, ಕೊನೆಗೆ ನೀಲಿ ಪಂಪು ಒತ್ತಿಕೊಳ್ಳಬೇಕಾಯಿತು. ಆ ನಗುವಿಗೆ ನಾನೂ ನಗಬೇಕಿತ್ತು, ಪಂಪು ನೋಡಿದ ಮೇಲೆ ನಗು ಬರಲಿಲ್ಲ.

ಬಿಡುವ ಪ್ರಯತ್ನ ಮಾಡಲಿಲ್ಲವೆಂದಲ್ಲ. ಡಾಕ್ಟರೇ ನಿಕೊಟಿನ್ ಇರುವ ಚೂಯಿಂಗ್ ಗಮ್ ಬರೆದುಕೊಟ್ಟಿದ್ದರು. ಸೇದಬೇಕೆನ್ನಿಸಿದಾಗ ಬಾಯಿಗೆ ಹಾಕಿ, ನಾಲ್ಕು ಸಲ ಜಗಿದು, ಕೆನ್ನೆಯ ಬದಿಯಲ್ಲಿ ಒತ್ತಿಟ್ಟು ಸುಮ್ಮನಿರಬೇಕು. ಇದನ್ನು ಮದ್ದಿನಂಗಡಿಯವರು ವಿವರಿಸಿದ್ದರು. ನಾನು ಹೂಂ ಹೂಂ ಎಂದಿದ್ದೆ. ನಮಗೆ ಜಗಿಯುವುದನ್ನು ಯಾರಾದರೂ ಕಲಿಸಬೇಕಾ? ಹುಟ್ಟಿದಂದಿನಿಂದ ಎಲೆ ಅಡಿಕೆ ಜಗಿದ ಊರು ನಮ್ಮದು. ಆ ಗಮ್ಮಿಗೆ ರುಚಿ ಇರಲಿಲ್ಲ. ಒಳ್ಳೆಯ ಚಿಗುರು ವೀಳ್ಯದೆಲೆಗೆ ಸುಣ್ಣ ಹಚ್ಚಿ, ಒಂದು ಹೋಳು ಅಡಿಕೆಯ ಜೊತೆ ಗಮ್ಮನ್ನೂ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿ ಅಗಿದೆ. ಗಂಟಲು ಉರಿಯಿತು, ತಲೆ ಗಿರ್ರೆಂದಿತು, ಬಿಕ್ಕಳಿಕೆ ಹಿಡಿಯಿತು. ಬೆಟ್ಟಂಪಾಡಿ ಕಡೆಯ ಒಂದು ಮದುವೆಯಲ್ಲಿ “ಹಲೋ, ಮೈಕ್ ಟೆಸ್ಟಿಂಗ್” ಎನ್ನುವಾಗ ಮಾತಿಗೊಂದು ಬಿಕ್ಕಳಿಕೆ ನಾಲ್ಕು ಬಾಕ್ಸಿನಲ್ಲಿ ಇಡೀ ಚಪ್ಪರಕ್ಕೆ ಕೇಳಿತು. ಮದುಮಗಳೂ ನಕ್ಕಳಂತೆ.

ಮದ್ದಿನಂಗಡಿಗೆ ಹೋಗಿ “ನಿಮ್ಮ ಗಮ್ಮು ದಂಡ” ಎಂದು ಜಗಳಕ್ಕೆ ನಿಂತೆ. ಹೇಗೆ ತಿಂದದ್ದೆಂದು ಕೇಳಿದರು, ಹೇಳಿದೆ. ಅಂಗಡಿಯವರು ನಗಲಿಲ್ಲ, ತಲೆಗೆ ಕೈ ಹಚ್ಚಿಕೊಂಡರು. “ಅದನ್ನು ಎಲೆಯಲ್ಲಿ ಸುತ್ತಿ ತಿನ್ನುದು ಅಂತ ಯಾರು ಹೇಳಿದ್ದು ನಿಮಗೆ ಮಾರಾಯ್ರೆ? ಮದ್ದು ಅದು, ಮದುವೆ ಊಟದ ಬೀಡ ಅಲ್ಲ!”

ನನಗೆ ಆ ಗಮ್ಮು ಒಂದು ಒಳ್ಳೆಯ ನೆಪವಾಯಿತು. ಮದ್ದು ಕೂಡ ತೆಗೆದುಕೊಂಡೆ, ಆಗಲಿಲ್ಲ, ಎಂತ ಮಾಡುದು ಎಂದು ಎಲ್ಲರೆದುರು ಹೇಳಿಕೊಂಡೆ. ಮನೆಯಲ್ಲಿ ಗಮ್ಮು, ಅಂಗಡಿಯಲ್ಲಿ ಸಿಗರೇಟು ಎಂದಾಯಿತು. ಮನೆಗೆ ಹೊರಡುವ ಮೊದಲು ಏಲಕ್ಕಿ ಜಗಿಯುತ್ತಿದ್ದೆ. ಹೆಂಡತಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಜಗಲಿ ಹತ್ತುವಾಗ ಅವಳು ಉಸಿರು ಹಿಡಿದುಕೊಂಡು, ನಾನು ಕೈಕಾಲು ತೊಳೆದು ಬರುವವರೆಗೆ ಅಡುಗೆಮನೆಯಲ್ಲೇ ಇರುತ್ತಿದ್ದಳು. “ಬಿಟ್ಟಿರಾ?” ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿ ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ಕಳೆದ ಮಳೆಗಾಲದಲ್ಲಿ ಅವಳ ತವರಿನ ಕಡೆ, ಕೊಲ್ಲಮೊಗ್ರಿನಲ್ಲಿ, ಅವಳ ಅಣ್ಣನ ಮಗ ಕಟ್ಟಿದ ಮನೆಯ ಒಕ್ಕಲು, ಗೃಹಪ್ರವೇಶ. ಮೈಕು ನನ್ನದೇ. ಬೆಳಿಗ್ಗೆ ವ್ಯಾನಿಗೆ ಸಾಮಾನು ತುಂಬುವಾಗ ಜಾಗ ಸಾಲದೆ ಒಂದೇ ಗಡಿಬಿಡಿ. ಆಂಪ್ಲಿಫೈಯರಿಗೆ ಮಳೆ ನೀರು ತಾಗಬಾರದೆಂದು ಅದನ್ನು ಮುಂದಿನ ಸೀಟಿನ ಬುಡದಲ್ಲಿ ಇಡಬೇಕಾಯಿತು. ಅಲ್ಲಿ ಅವಳ ಬ್ಯಾಗಿತ್ತು. ಬ್ಯಾಗನ್ನು ತೆಗೆದು ಜಗಲಿಯಲ್ಲಿಟ್ಟೆ, ಹಿಂದೆ ತುರುಕಿಸಿದರಾಯಿತು ಎಂದು. ತುರುಕಿಸಲು ಮರೆತೆ. ಅವಳು ಹೊಸ ಸೀರೆಯುಟ್ಟು ಬಂದು ಕೂತಳು, ಬಾಗಿಲು ಹಾಕಿಕೊಂಡೆವು, ಹೊರಟೆವು.

ಮಳೆ ಜೋರಾಗಿತ್ತು. ಎರಡೂ ಬದಿಯ ಗ್ಲಾಸು ಏರಿಸಿದ್ದೆವು. ರಸ್ತೆಗೆ ಅಡ್ಡವಾಗಿ ಒಂದು ಮರ ಬಿದ್ದು ಬಹಳ ಹೊತ್ತು ಕಾಯಬೇಕಾಯಿತು. ಅಲ್ಲಿ ನನಗೆ ತಲೆಬಿಸಿ, ಮಂಡೆಬೆಚ್ಚ ಶುರುವಾಯಿತು. ಮುಹೂರ್ತಕ್ಕೆ ಮೊದಲು ಬಾಕ್ಸು ಕಟ್ಟುವುದು ಯಾವಾಗ, ಭಟ್ಟರು ಮಂತ್ರ ಹೇಳುವುದು ಯಾವಾಗ? ಕೈ ತನ್ನಷ್ಟಕ್ಕೇ ಕಿಸೆಗೆ ಹೋಯಿತು. ಗ್ಲಾಸನ್ನು ಒಂದು ಬೆರಳಿನಷ್ಟು ಇಳಿಸಿ ಹಚ್ಚಿದೆ. ಅವಳು ನನ್ನನ್ನು ನೋಡಿದಳು. ನಾನು ರಸ್ತೆ ನೋಡಿದೆ. ಅವಳು ಸೀರೆಯ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ಹೊಸ ಮನೆಗೆ ಹೋಗುವ ಸಂತೋಷಕ್ಕೆ ಕಲ್ಲು ಹಾಕುವುದು ಬೇಡವೆಂದೋ ಏನೋ, ಕಿಟಕಿಯ ಕಡೆ ತಿರುಗಿ ಕೂತಳು. ಮರ ಕಡಿದು ದಾರಿ ಬಿಡುವಷ್ಟರಲ್ಲಿ ಎರಡನೆಯದನ್ನೂ ಹಚ್ಚಿದ್ದೆ.

ಏರು ರಸ್ತೆಯಲ್ಲಿ ಅವಳ ಎದೆಯಿಂದ ಸಿಳ್ಳೆ ಹಾಕಿದ ಹಾಗೆ ಶಬ್ದ ಬರಲು ತೊಡಗಿತು. “ಬ್ಯಾಗ್ ಕೊಡಿ” ಎಂದಳು. ನೀಲಿ ಪಂಪು ಇದ್ದ ಬ್ಯಾಗು ಜಗಲಿಯಲ್ಲಿತ್ತು. ನಾನು ಹೇಳಲಿಲ್ಲ, ಸುಮ್ಮನೆ ಹಿಂದೆ ಕೈ ಹಾಕಿ ಹುಡುಕಿದ ಹಾಗೆ ಮಾಡಿದೆ. ಅಷ್ಟರಲ್ಲಿ ಅವಳಿಗೇ ಗೊತ್ತಾಯಿತು. “ತೊಂದರೆ ಇಲ್ಲ… ಮೆಲ್ಲ… ಹೋಗಿ” ಎಂದಳು. ಪದಕ್ಕೊಂದು ಉಸಿರು. ಅವಳ ಹೆಗಲು ಏರಿ ಏರಿ ಕಿವಿಯವರೆಗೆ ಬರುತ್ತಿತ್ತು. ದೇವರೇ, ಆ ಮುಖ! ಶತ್ರುವಿಗೂ ಬೇಡ.

ವ್ಯಾನು ತಿರುಗಿಸಿ, ಆಗಷ್ಟೇ ದಾಟಿ ಬಂದಿದ್ದ ಸಣ್ಣ ಪೇಟೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಲೇಡಿ ಡಾಕ್ಟರು ಒಂದು ಮಾತೂ ಕೇಳದೆ ಮದ್ದನ್ನು ಆವಿ ಮಾಡಿ ಕೊಡುವ ಯಂತ್ರ ಹಚ್ಚಿ, ಮುಖಕ್ಕೆ ಮಾಸ್ಕು ಕಟ್ಟಿದರು. ಮಾಸ್ಕಿನ ತೂತುಗಳಿಂದ ಬಿಳಿ ಹೊಗೆಯ ಹಾಗೆ ಹೊರಗೆ ಬರುತ್ತಿತ್ತು. ನಾನು ಅವಳ ಕೈ ಹಿಡಿದುಕೊಳ್ಳಲು ಹತ್ತಿರ ಬಾಗಿದೆ. ಅವಳಿಗೆ ಕೆಮ್ಮು ಬಂತು. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀವು ಹೊರಗೆ ಹೋಗಿ.”

“ನಾನು ಇವಳ ಗಂಡ ಡಾಕ್ಟ್ರೆ.”

“ಗೊತ್ತಾಯ್ತು. ನಿಮ್ಮ ಅಂಗಿಯ ವಾಸನೆಗೇ ಅವರಿಗೆ ಉಸಿರು ಕಟ್ಟುದು. ಹೊರಗೆ ನಿಲ್ಲಿ.”

ಹೊರಗೆ ನಿಂತೆ. ಕ್ಲಿನಿಕ್ಕಿನ ಮಾಡಿನಿಂದ ನೀರು ಸುರಿಯುತ್ತಿತ್ತು. ಹೆಂಡತಿಗೆ ಉಸಿರು ಸಿಗಬೇಕಿದ್ದರೆ ಗಂಡ ಹತ್ತಿರ ಇರಬಾರದು, ಇದು ಡಾಕ್ಟರ ಅಪ್ಪಣೆ. ಅಳು ಬಂತು, ಅತ್ತೆ. ಪಕ್ಕದ ಗೂಡಂಗಡಿಯವನು “ಎಂತ ಆಯ್ತು ಅಣ್ಣ, ಒಂದು ಸಿಗರೇಟ್ ಕೊಡ್ಲಾ?” ಎಂದು ಪ್ರೀತಿಯಿಂದಲೇ ಕೇಳಿದ. ಅವನ ಮೇಲೆ ರೇಗಿಬಿಟ್ಟೆ. ಪಾಪ, ಅವನೇನು ಮಾಡಿದ್ದ?

ಆವತ್ತಿನಿಂದ ಸೇದಲಿಲ್ಲ. ಹೀಗೆ ಒಂದು ವಾಕ್ಯದಲ್ಲಿ ಬರೆದರೆ ದೊಡ್ಡ ಸಾಹಸದ ಹಾಗೆ ಕಾಣುತ್ತದೆ. ನಿಜ ಏನೆಂದರೆ, ನಾನು ಮನೆಯನ್ನು ನರಕ ಮಾಡಿದೆ. ಗಮ್ಮನ್ನು ಈ ಸಲ ಹೇಳಿದ ಹಾಗೆಯೇ ಕೆನ್ನೆಯಲ್ಲಿಟ್ಟುಕೊಂಡೆ, ಆದರೂ ಸಿಟ್ಟು ಮೂಗಿನ ತುದಿಯಲ್ಲಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಟ್ಟಲು ತಳ್ಳಿದೆ. ಟಿವಿಯ ಶಬ್ದಕ್ಕೆ ಬೈದೆ. ಒಂದು ದಿನ ಅವಳು ಬೆಳಗಿನ ಹುಡಿ ಮದ್ದು ಎಳೆದು ಬಾಯಿ ಮುಕ್ಕಳಿಸುವ ಶಬ್ದಕ್ಕೂ “ಎಷ್ಟು ಹೊತ್ತು ಅದು!” ಎಂದು ಗದರಿದೆ. ಅವಳು ಬಾಯಿ ಒರೆಸಿಕೊಂಡು ಬಂದು ನನ್ನೆದುರು ನಿಂತಳು.

“ಇವರೇ, ಅಷ್ಟು ಕಷ್ಟ ಆಗುದಾದ್ರೆ ಒಂದು ಎಳೆದುಬಿಡಿ. ನಾನು ಆಚೆ ಮನೆಗೆ ಹೋಗಿ ಕೂತುಕೊಳ್ತೇನೆ.”

ಅವಳು ಕೊಂಕು ಆಡಿದ್ದಲ್ಲ. ನಿಜವಾಗಿಯೂ ಹೊರಡಲು ತಯಾರಾಗಿದ್ದಳು, ಚಪ್ಪಲಿ ಹುಡುಕುತ್ತಿದ್ದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡು ಬೇಡ ಮಾರಾಯ್ತಿ, ಬೇಡ ಎಂದೆ.

ಆಸೆ ಮೆಲ್ಲಮೆಲ್ಲನೆ ಸತ್ತಿತು. ನನಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು, ನಾಲಿಗೆಗೆ ರುಚಿ ಬಂತು, ಮೈ ತುಂಬಿಕೊಂಡಿತು. ಅವಳಿಗೂ ಹೀಗೆಯೇ ಆಗುತ್ತದೆಂದು ನಾನು ನಂಬಿದ್ದೆ. ಪುತ್ತೂರಿನಲ್ಲಿ ಮತ್ತೆ ಕೊಳವೆಯೊಳಗೆ ಊದಿಸಿ ಪರೀಕ್ಷೆ ಮಾಡಿದರು. ಡಾಕ್ಟರು ನನಗೆ ಶಾಭಾಸ್ ಹೇಳಿ, ಅವಳ ಕಾಗದವನ್ನು ಎರಡು ಸಲ ನೋಡಿದರು. “ಇನ್ನು ಹೆಚ್ಚಾಗದ ಹಾಗೆ ನೋಡಿಕೊಳ್ಳುವಾ. ಮದ್ದು ಬಿಡ್ಲಿಕ್ಕಿಲ್ಲ. ಹೋದದ್ದು ಪೂರ್ತಿ ವಾಪಸ್ ಬರುದು ಕಷ್ಟ” ಎಂದರು. ಸೇದಿದವನಿಗೆ ಗುಣವಾಗಿತ್ತು. ಬಸ್‌ಸ್ಟ್ಯಾಂಡಿನವರೆಗೆ ಅವಳು ಎರಡು ಕಡೆ ನಿಂತು ನಿಂತು ಬಂದಳು, ನಾನು ಅವಳ ಜೊತೆ ನಿಂತು ನಿಂತು ಬಂದೆ.

ಊರಿಗೆ ಇದೆಲ್ಲ ಎಲ್ಲಿ ಗೊತ್ತು? ನಾನು ಸಿಗರೇಟು ಬಿಟ್ಟದ್ದೇ ಸುದ್ದಿ. ಕಡಬದ ಹತ್ತಿರದ ಒಂದು ಯುವಕ ಮಂಡಲದವರು ದುಶ್ಚಟ ಬಿಡಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅದರ ಅಧ್ಯಕ್ಷ ಫೋನು ಮಾಡಿದ. ಮೈಕಿಗೆಂದು ತಿಳಿದು ದಿನ ಕೇಳಿದೆ.

“ಮೈಕ್ ಬೇರೆಯವರಿಗೆ ಹೇಳಿದ್ದೇವೆ ಅಣ್ಣ. ಈ ಸಲ ನಿಮಗೆ ಸನ್ಮಾನ.”

“ನಿನಗೆ ಮಂಡೆ ಸಮ ಉಂಟಾ ಮಾರಾಯ? ಕದಿಯುದು ಬಿಟ್ಟವನಿಗೆ ಶಾಲು ಹಾಕ್ತಾರಾ?”

ಅವನು ಬಿಡಲಿಲ್ಲ. ಹೆಂಡತಿಯೂ ಬಿಡಲಿಲ್ಲ. “ಎಷ್ಟು ಜನರ ಸನ್ಮಾನಕ್ಕೆ ಮೈಕ್ ಕಟ್ಟಿದ್ದೀರಿ. ಒಂದು ಸಲ ನೀವು ಕೂತುಕೊಳ್ಳಿ” ಎಂದು ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು.

ಶಾಲೆಯ ಸಭಾಂಗಣ ತುಂಬಿತ್ತು. ನಮ್ಮ ಕಡೆ ಸನ್ಮಾನವೆಂದರೆ ಜೋಡಿಯಾಗಿ ಕೂರಿಸುವುದು ಕ್ರಮ, ಹಾಗಾಗಿ ಅವಳನ್ನೂ ಮೇಲೆ ಕರೆದರು. ವೇದಿಕೆಯ ಮೆಟ್ಟಿಲಿನ ನಡುವೆ ಅವಳು ನಿಂತಳು. ನಾಚಿಕೆಯೆಂದು ತಿಳಿದು ಜನ ಚಪ್ಪಾಳೆ ಹೊಡೆದರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಕರು “ಪತ್ನಿಯ ಉಸಿರಿಗಾಗಿ ತನ್ನ ಸುಖವನ್ನು ತ್ಯಾಗ ಮಾಡಿದ ಮಹನೀಯರು” ಎಂದು ಓದಿದರು. ತ್ಯಾಗವಂತೆ! ಪಕ್ಕದಲ್ಲಿ ಕೂತವಳ ಉಸಿರು ನನಗೆ ಕೇಳುತ್ತಿತ್ತು. ಶಬ್ದ ಕೇಳಿಯೇ ಬದುಕಿದ ಕಿವಿ ನನ್ನದು, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೈಕು ನನ್ನ ಕೈಗೆ ಬಂತು. ಹೇಳಬೇಕಾದದ್ದು ಬೇಕಾದಷ್ಟಿತ್ತು. “ಎಲ್ಲರಿಗೂ ನಮಸ್ಕಾರ, ಧನ್ಯವಾದ” ಎಂದು ಹೇಳಿ ವಾಪಸು ಕೊಟ್ಟೆ. ಹೇಡಿ ನಾನು. ವಿನಯವಂತ ಎಂದು ಅದಕ್ಕೂ ಹೊಗಳಿದರು.

ಊಟಕ್ಕೆ ಜನ ಎದ್ದರು. ಅವಳು ಸಾಲಿನಲ್ಲಿ ನಿಲ್ಲಲಾರಳೆಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ ನಾನೇ ಎರಡು ತಟ್ಟೆ ತರಲು ಹೋದೆ. ತಿರುಗಿ ಬರುವಾಗ ಅವಳು ನೀಲಿ ಪಂಪು ಒತ್ತಿಕೊಂಡು ಮುಗಿಸಿದ್ದಳು. ಪಕ್ಕದಲ್ಲಿ ಒಬ್ಬರು ಅಜ್ಜಿ ಬಂದು ಕೂತಿದ್ದರು. ನಾನು ಬೆಂಚಿನ ಹಿಂದೆ ಇದ್ದೆ, ಇಬ್ಬರೂ ನನ್ನನ್ನು ಕಾಣಲಿಲ್ಲ.

“ದಮ್ಮು ಉಂಟಾ ಮಗಾ ನಿನಗೆ? ನೀನು ಸಹ ಎಳೀತಿದ್ದಿಯಾ ಮೊದ್ಲು?” ಎಂದು ಅಜ್ಜಿ ಕೇಳಿದರು. ಅವರ ಕಾಲದಲ್ಲಿ ಬೀಡಿ ಎಳೆಯುವ ಹೆಂಗಸರು ಇದ್ದರಲ್ಲ, ಆಶ್ಚರ್ಯವೇನೂ ಅಲ್ಲ.

“ಹೂಂ” ಎಂದಳು ನನ್ನ ಹೆಂಡತಿ.

“ಎಷ್ಟು ವರ್ಷ ಆಯ್ತು?”

“ಮದುವೆ ಆದಲ್ಲಿಂದ.”

ತಮಾಷೆಯ ದನಿಯಲ್ಲ, ಸಿಟ್ಟಿನದೂ ಅಲ್ಲ. ಯಾವ ಊರು ಎಂದು ಕೇಳಿದವರಿಗೆ ಊರ ಹೆಸರು ಹೇಳಿದಷ್ಟು ಸಹಜವಾಗಿ ಹೇಳಿದಳು.

ಅಜ್ಜಿ ಅವಳ ಬೆನ್ನು ಸವರಿದರು. “ಹೋಗ್ಲಿ ಬಿಡು. ಈಗ ಬಿಟ್ಟಿದ್ದಿಯಲ್ಲ?”

“ಹೌದು,” ಎಂದಳು ಅವಳು, “ಕಳೆದ ಮಳೆಗಾಲದಲ್ಲಿ ಬಿಟ್ಟೆವು.”